ಮಂಡಕ್ಕಿ ಮೀಟಿಂಗ್

"ಅದನ್ನ ಯಾವಾಗ ಹೇಳಿದ್ರಿ ಸರ್?"

ಕಳೆದ ವರ್ಷ ಮಾರ್ಚ್ ಕೊನೆಯ ವಾರ. ಆಫೀಸಿನ ಗಾಜಿನ ಸಣ್ಣ ಕೋಣೆಯಲ್ಲಿ ಅಪ್ರೈಸಲ್, ಅಂದರೆ ಒಬ್ಬೊಬ್ಬರ ವರ್ಷದ ಕೆಲಸಕ್ಕೆ ಅಂಕ ಹಾಕೋದು, ಮಾಡುತ್ತಾ ಕೂತಿದ್ದೆ. ಹೊರಗೆ ದಾವಣಗೆರೆಯ ಬಿಸಿಲು. ಒಳಗೆ ತಂಪಿಗಿಂತ ಸದ್ದೇ ಜಾಸ್ತಿ ಮಾಡುವ ಏಸಿ. ಎದುರಿಗೆ ಹರಿಹರದಿಂದ ದಿನಾ ಬಸ್ಸಲ್ಲಿ ಬರುವ ಹೆಣ್ಣುಮಗಳು. ಆರು ವರ್ಷದಿಂದ ನಮ್ಮಲ್ಲೇ ಇದ್ದಾರೆ, ಕೆಲಸದಲ್ಲಿ ಒಂದು ತಪ್ಪು ಹುಡುಕೋದು ಕಷ್ಟ. ಶಿಫ್ಟ್ ಲೀಡ್ ಹುದ್ದೆ ಖಾಲಿ ಇದೆಯಲ್ಲ, ನೀವ್ಯಾಕೆ ಹೆಸರು ಕೊಡಲಿಲ್ಲ ಅಂತ ಕೇಳಿದ್ದೆ. ಸ್ವಲ್ಪ ಆಕ್ಷೇಪಣೆಯ ದನಿಯಲ್ಲೇ ಕೇಳಿದ್ದೆ, ಸುಳ್ಳು ಯಾಕೆ ಹೇಳಲಿ. ಇವರಿಗೇ ಮುಂದೆ ಬರೋಕೆ ಮನಸ್ಸಿಲ್ಲ ಅನ್ನೋದು ನನ್ನ ಲೆಕ್ಕವಾಗಿತ್ತು.

ಅದಕ್ಕೆ ಅವರು ಕೇಳಿದ್ದು ಈ ಪ್ರಶ್ನೆ. ಜಗಳದ ಧಾಟಿ ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು.

"ಎಲ್ರಿಗೂ ಹೇಳಿದ್ನಲ್ಲ..." ಅಂತ ಶುರು ಮಾಡಿದವನು ಅಲ್ಲೇ ನಿಂತೆ. ಎಲ್ಲರಿಗೂ ಅಂದರೆ ಯಾರಿಗೆ? ಎಲ್ಲಿ? ಈಮೇಲ್ ಹಾಕಿರಲಿಲ್ಲ. ಮೀಟಿಂಗಲ್ಲಿ ಹೇಳಿರಲಿಲ್ಲ. ಹೇಳಿದ್ದು ಮಂಡಕ್ಕಿ ಅಂಗಡಿ ಮುಂದೆ, ಸಂಜೆ ಏಳೂವರೆಗೆ. ಕೈಯಲ್ಲಿ ಪೇಪರ್ ಪೊಟ್ಟಣ, ಬಾಯಲ್ಲಿ ಅರ್ಧ ಮಿರ್ಚಿ.

ಹೊರಗಿನವರಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ. ಅದು ಬೆಳಗಿನ ಮಾತು, ನೆಂಟರು ಬಂದಾಗಿನ ಮಾತು. ಸಂಜೆ ಆದಮೇಲೆ ಈ ಊರು ನಡೆಯೋದು ಮಂಡಕ್ಕಿ ಮೇಲೆ. ದೊಡ್ಡ ಪಾತ್ರೆಯಲ್ಲಿ ಎಣ್ಣೆ, ಖಾರ, ಹುರಿಗಡಲೆ ಪುಡಿ, ಹೆಚ್ಚಿದ ಈರುಳ್ಳಿ ಹಾಕಿ ಕೈಯಲ್ಲೇ ಕಲಸಿ ಪೇಪರಿಗೆ ಸುರಿದು ಕೊಡುತ್ತಾರೆ. ಪಕ್ಕದಲ್ಲಿ ಆಗಷ್ಟೇ ಬಾಣಲೆಯಿಂದ ಎತ್ತಿದ ಮೆಣಸಿನಕಾಯಿ. ತಿನ್ನುತ್ತಾ ನಿಂತರೆ ಅರ್ಧ ಗಂಟೆ ಹೋಗೋದೇ ಗೊತ್ತಾಗಲ್ಲ. ಜಾಗದ ವ್ಯಾಪಾರ, ಮದುವೆ ಮಾತುಕತೆ, ಚುನಾವಣೆಯ ಲೆಕ್ಕಾಚಾರ, ಎಲ್ಲಾ ಅಲ್ಲೇ. ನಮ್ಮ ಆಫೀಸಿನ ಐದಾರು ಗಂಡಸರೂ ಹತ್ತು ವರ್ಷದಿಂದ ಅಲ್ಲೇ ಸೇರುತ್ತೇವೆ. ಸಂಜೆ ಶಿಫ್ಟಿನವರು ಬ್ರೇಕಲ್ಲಿ ಇಳಿದು ಬರುತ್ತಾರೆ, ಬೆಳಗಿನ ಶಿಫ್ಟಿನವರು ಮನೆಗೆ ಹೋಗಿ ಮುಖ ತೊಳೆದುಕೊಂಡು ಬೈಕಲ್ಲಿ ವಾಪಸ್ ಬರುತ್ತಾರೆ. ಹೆಣ್ಣುಮಕ್ಕಳು ಯಾರೂ ಬರಲ್ಲ. ಬರಬೇಡಿ ಅಂತ ಯಾರೂ ಹೇಳಿಲ್ಲ. ಬನ್ನಿ ಅಂತಲೂ ಯಾರೂ ಹೇಳಿಲ್ಲ.

ಅವತ್ತು ಆ ಹೆಣ್ಣುಮಗಳು ಎದ್ದು ಹೋದಮೇಲೆ ಬೆರಳು ಮಡಚಿ ಲೆಕ್ಕ ಹಾಕಿದೆ. ಹಿಂದಿನ ಒಂದು ವರ್ಷದಲ್ಲಿ ನಾನು ತೆಗೆದುಕೊಂಡ ದೊಡ್ಡ ನಿರ್ಧಾರ ಯಾವ್ಯಾವುದು? ಹೊಸ ಕ್ಲೈಂಟಿನ ಕೆಲಸ ಯಾರಿಗೆ ಕೊಡಬೇಕು. ಯಾರನ್ನ ಬೆಂಗಳೂರಿಗೆ ಟ್ರೈನಿಂಗಿಗೆ ಕಳಿಸಬೇಕು. ದೀಪಾವಳಿಗೆ ಯಾರಿಗೆ ಮೊದಲು ರಜೆ. ಬಹುಪಾಲು ಮಂಡಕ್ಕಿ ಅಂಗಡಿಯಲ್ಲೇ ತೀರ್ಮಾನ ಆಗಿತ್ತು. ಮರುದಿನ ಬೆಳಗ್ಗೆ ಆಫೀಸಲ್ಲಿ ನಡೆದ ಮೀಟಿಂಗುಗಳು ಬರೀ ಮದುವೆ ಆದಮೇಲಿನ ರಿಸೆಪ್ಷನ್ ಇದ್ದ ಹಾಗೆ.

ನಮ್ಮ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಅಮೆರಿಕದ ಆಸ್ಪತ್ರೆಗಳ ಬಿಲ್ಲು ನೋಡುತ್ತೇವೆ. ಅಲ್ಲಿ ರೋಗಿಗೆ ಏನು ಕಾಯಿಲೆ, ಏನು ಚಿಕಿತ್ಸೆ ಅನ್ನೋದನ್ನ ಕೋಡ್ ಆಗಿ ಬರೆದು ವಿಮೆ ಕಂಪನಿಗೆ ಕಳಿಸಬೇಕು. ಕಾಯಿಲೆಗಳಿಗೆ 2015ರ ಅಕ್ಟೋಬರಿನಿಂದ ಅವರು ಐಸಿಡಿ-10 ಅನ್ನೋ ಪಟ್ಟಿ ಬಳಸುತ್ತಾರೆ. ಸುಮಾರು 70,000 ಕೋಡ್. ಬಾತುಕೋಳಿ ಬಡಿದು ಗಾಯ ಆದರೂ ಅದಕ್ಕೊಂದು ಕೋಡ್ ಇದೆ, ತಮಾಷೆಯಲ್ಲ. ಇಷ್ಟು ಸೂಕ್ಷ್ಮವಾಗಿ ಅಮೆರಿಕದವರ ಗಾಯ ಎಣಿಸುವ ನಾವು ನಮ್ಮ ಆಫೀಸಿನ ಲೆಕ್ಕ ಇಡೋದು ಹೇಗೆ ಗೊತ್ತಾ? ಬೆಂಗಳೂರಿನ ಮುಖ್ಯ ಕಚೇರಿಯಿಂದ ಮೂರು ತಿಂಗಳಿಗೊಮ್ಮೆ ಒಂದು ಎಕ್ಸೆಲ್ ಬರುತ್ತದೆ. ಹೆಣ್ಣುಮಕ್ಕಳು ಎಷ್ಟು ಪರ್ಸೆಂಟ್ ಅಂತ ಒಂದು ಕಾಲಂ. ನಮ್ಮಲ್ಲಿ 48 ಜನ, 21 ಹೆಣ್ಣುಮಕ್ಕಳು. 44 ಅಂತ ತುಂಬಿ ಕಳಿಸುತ್ತಿದ್ದೆ. ಹೆಬ್ಬೆರಳು ಎತ್ತಿದ ಚಿತ್ರ ವಾಪಸ್ ಬರುತ್ತಿತ್ತು. ನಾಲ್ಕು ಶಿಫ್ಟ್ ಲೀಡ್, ನಾಲ್ವರೂ ಗಂಡಸರು. ಅದಕ್ಕೆ ಕಾಲಂ ಇರಲಿಲ್ಲ.

48 ಅನ್ನೋದೂ ಒಂದು ಕಥೆ. 2017ರಲ್ಲಿ ಹೆರಿಗೆ ರಜೆಯ ಕಾಯ್ದೆ ತಿದ್ದುಪಡಿ ಆಯಿತು. ಮೊದಲ ಎರಡು ಮಕ್ಕಳಿಗೆ 12 ವಾರ ಇದ್ದ ರಜೆ 26 ವಾರ ಆಯಿತು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನ ನೋಡಿಕೊಳ್ಳುವ ಕ್ರೆಶ್ ವ್ಯವಸ್ಥೆ ಇರಬೇಕು ಅಂತಲೂ ಆಯಿತು. ನಾವು ಮಾತ್ರ ವರ್ಷಗಳಿಂದ 48ರ ಆಸುಪಾಸಿನಲ್ಲೇ ಇದ್ದೇವೆ. ಯಾಕೆ ಅಂತ ಮೇಲಿನವರನ್ನ ಕೇಳಿಲ್ಲ. ಕೇಳೋಕೆ ಧೈರ್ಯ ಬಂದಿಲ್ಲ ಅನ್ನೋದೇ ಸರಿ.

ರಜೆಯ ಮಾತು ಬಂದಾಗ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಬಾಣಂತನ ಮುಗಿಸಿ ವಾಪಸ್ ಬಂದ ಒಬ್ಬರಿಗೆ ಆ ವರ್ಷ ಐದಕ್ಕೆ ಮೂರು ಅಂಕ ಕೊಟ್ಟಿದ್ದೆ. ಅರ್ಧ ವರ್ಷ ಇರಲಿಲ್ಲವಲ್ಲ, ಇನ್ನೇನು ಕೊಡೋದು ಅಂತ. ಕಾನೂನು ಕೊಟ್ಟ ರಜೆಯನ್ನ ನಾನು ಅಂಕದಲ್ಲಿ ವಾಪಸ್ ಕಿತ್ತುಕೊಂಡಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ಎಂಟು ತಿಂಗಳಿಗೆ ಕೆಲಸ ಬಿಟ್ಟರು. ಕಾರಣ ಅಂತ "ಮನೆ ಕಡೆ ಕಷ್ಟ" ಬರೆದರು, ನಾನೂ ನಂಬಿದೆ. ನಂಬೋಕೆ ಅನುಕೂಲವಾದ ಕಾರಣ ಅದು.

ಇನ್ನು ನಮ್ಮ ಅಪ್ಪನ ವಿಷಯ. ಅಪ್ಪ ಕಾಟನ್ ಮಿಲ್ಲಿನಲ್ಲಿ ಇದ್ದವರು. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದಿದ್ದು 1930ರ ದಶಕದಿಂದ ಎದ್ದ ಹತ್ತಿ ಮಿಲ್ಲುಗಳಿಂದ. ನಾನು ಹುಡುಗನಾಗಿದ್ದಾಗ ಮಿಲ್ಲಿನ ಕೂಗು ಕೇಳಿಯೇ ಅಮ್ಮ ಅನ್ನಕ್ಕೆ ಎಸರು ಇಡುತ್ತಿದ್ದಳು. ಆಮೇಲೆ ಒಂದೊಂದೇ ಬಾಗಿಲು ಹಾಕಿದವು. ಅಪ್ಪನಿಗೆ ಈಗ ಎಪ್ಪತ್ತೆಂಟು, ಕಿವಿ ಮಂದ. ಮಗ್ಗದ ಸದ್ದು ತಿಂದ ಕಿವಿ.

ಒಂದು ರಾತ್ರಿ ಊಟಕ್ಕೆ ಕೂತಾಗ ನಮ್ಮ ಆಫೀಸಿಗೆ ಜನ ಹೇಗೆ ಸೇರುತ್ತಾರೆ ಅಂತ ಕೇಳಿದರು. ಇದ್ದವರೇ ಗೊತ್ತಿದ್ದವರ ಹೆಸರು ಕೊಡುತ್ತಾರೆ, ಅವರು ಆಯ್ಕೆ ಆದರೆ ಕೊಟ್ಟವರಿಗೆ ಒಂದಿಷ್ಟು ದುಡ್ಡು ಸಿಗುತ್ತೆ, ರೆಫರಲ್ ಅಂತಾರೆ ಅಂದೆ. ಅಪ್ಪ ತುತ್ತು ನುಂಗಿ, "ಹಂಗಾದ್ರೆ ನಿಮ್ಮಲ್ಲೂ ಜಾಬರ್ ಅದಾನೆ ಅನ್ನು" ಅಂದರು.

ಜಾಬರ್ ಅಂದರೆ ಮಿಲ್ಲಿನಲ್ಲಿ ಕೂಲಿಗಳ ಮೇಲೆ ಇರುತ್ತಿದ್ದ ಮೇಸ್ತ್ರಿ. ಹಳೇ ಕಾಲದಲ್ಲಿ ಜನರನ್ನ ತಂದು ಸೇರಿಸುತ್ತಿದ್ದವನೂ ಅವನೇ. ಯಾರಾದರೂ ರಜೆ ಹಾಕಿದರೆ ಬದ್ಲಿ ಕೆಲಸ ಯಾರಿಗೆ ಅನ್ನೋದು ಅವನ ಬಾಯಲ್ಲಿ. ಬೆಳಗ್ಗೆ ಗೇಟ್ ಮುಂದೆ ಬದ್ಲಿಗಳು ಸಾಲಾಗಿ ನಿಲ್ಲುತ್ತಿದ್ದರಂತೆ. "ಅವನ ಕಣ್ಣಿಗೆ ಬೀಳಬೇಕು ಅಂದ್ರೆ ಅವನ ಊರಾಗೆ ಹುಟ್ಟಿರಬೇಕಿತ್ತು" ಅಂತ ಅಪ್ಪ ನಕ್ಕರು. ಅಪ್ಪ ಹುಟ್ಟಿದ್ದು ಅವನ ಊರಲ್ಲಲ್ಲ. ಮೂರು ವರ್ಷ ಬದ್ಲಿಯಾಗೇ ಕಾದವರು.

ನನಗೆ ಅವತ್ತು ಸಿಟ್ಟೇ ಬಂತು. ನಾವೆಲ್ಲಿ, ಜಾಬರ್ ಎಲ್ಲಿ. ಆದರೂ ಭಾನುವಾರ ಲ್ಯಾಪ್‌ಟಾಪ್ ತೆಗೆದು ಕೂತೆ. 48 ಜನರಲ್ಲಿ 31 ಜನ ರೆಫರಲ್ ಮೇಲೆ ಬಂದವರು. ಆ 31 ಜನ ಹೆಚ್ಚೂಕಮ್ಮಿ ಮೂರು ಕಾಲೇಜು, ಎರಡು ಬಡಾವಣೆ. ಇನ್ನೂ ಸ್ವಲ್ಪ ಕೆದಕಿದರೆ ಒಂದೇ ಪೈಕಿ.

ಪೈಕಿ ಅನ್ನೋ ಪದ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜಾತಿ ಯಾವುದು ಅಂತ ಕೇಳೋಕೆ ಈಗ ಯಾರಿಗೂ ಬಾಯಿ ಬರಲ್ಲ. ಓದಿದವರಲ್ವಾ. ಅದಕ್ಕೇ "ನೀವು ಯಾವ ಪೈಕಿ?", "ಯಾವ ಜನ?" ಅಂತ ಕೇಳುತ್ತೇವೆ. ಅದೂ ಮುಜುಗರ ಅನ್ನಿಸಿದರೆ ಇನ್ನೊಂದು ದಾರಿ ಇದೆ. ಯಾವೂರು, ಅಪ್ಪ ಏನು ಮಾಡ್ತಾರೆ ಅಂತ ಶುರು ಮಾಡಿ, ಮೆಲ್ಲಗೆ "ಮನೆದೇವ್ರು ಯಾವುದಪ್ಪಾ?" ಅನ್ನೋದು. ದೇವರ ಹೆಸರು ಬಂತು ಅಂದರೆ ಉಳಿದದ್ದೆಲ್ಲ ತಾನಾಗೇ ಗೊತ್ತಾಗುತ್ತದೆ. ಕೇಳಿದವನು ಭಕ್ತನ ಹಾಗೂ ಕಾಣುತ್ತಾನೆ.

ಮೂರು ವರ್ಷದ ಹಿಂದೆ ಒಂದು ಇಂಟರ್‌ವ್ಯೂನಲ್ಲಿ ನನ್ನ ಪಕ್ಕ ಕೂತವರು ಈ ಪ್ರಶ್ನೆ ಕೇಳಿದರು. ಎದುರಿಗಿದ್ದವನು ನ್ಯಾಮತಿ ಕಡೆಯ ಒಂದು ತಾಂಡಾದ ಹುಡುಗ. ಬಿಎಸ್ಸಿ, ಒಳ್ಳೇ ಅಂಕ. "ಸೇವಾಲಾಲ್ ಸರ್. ನಮ್ಮ ಕಡೆಯೇ ಸೂರಗೊಂಡನಕೊಪ್ಪ, ಅವರು ಹುಟ್ಟಿದ ಜಾಗ" ಅಂದ. ಖುಷಿಯಿಂದಲೇ ಹೇಳಿದ. ಜಾತ್ರೆಗೆ ಎಲ್ಲೆಲ್ಲಿಂದ ಜನ ಬರುತ್ತಾರೆ ಅನ್ನೋದನ್ನೂ ಸೇರಿಸಿದ. ಪಕ್ಕದವರ ಪೆನ್ನು ನಿಂತಿತು. "ಆಯ್ತಪ್ಪಾ, ತಿಳಿಸ್ತೀವಿ" ಅಂದರು. ಕೋಡಿಂಗ್ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಹಾಳೆಯಲ್ಲಿ ಕಾರಣದ ಜಾಗದಲ್ಲಿ "ಕಮ್ಯುನಿಕೇಷನ್ ಸಾಧಾರಣ" ಅಂತ ಬರೆದರು. ಕೆಳಗೆ ಸಹಿ ಬೇಕಿತ್ತು. ನಾನು ಹಾಕಿದೆ.

ಆ ಹಾಳೆ ಇನ್ನೂ ಫೈಲಲ್ಲಿದೆ. ಆ ಭಾನುವಾರವಾದ ಮೇಲೆ ಹುಡುಕಿ ತೆಗೆದು ನೋಡಿದ್ದೇನೆ.

ಡೈವರ್ಸಿಟಿ, ಅಂದರೆ ಎಲ್ಲ ಥರದ ಜನಕ್ಕೂ ಜಾಗ ಕೊಡೋದು, ಅದರ ಬಗ್ಗೆ ನಮಗೆ ಟ್ರೈನಿಂಗೂ ಆಗಿದೆ ಅಂದರೆ ನಂಬುತ್ತೀರಾ? ಬೆಂಗಳೂರಿನಿಂದ ವಿಡಿಯೊ. ಬಣ್ಣಬಣ್ಣದ ಕೈಗಳು ಒಂದರ ಮೇಲೊಂದು ಇಟ್ಟ ಚಿತ್ರ. ಕೊನೆಗೆ ಹತ್ತು ಪ್ರಶ್ನೆ. ಒಬ್ಬ ಹುಡುಗ ಉತ್ತರಗಳನ್ನ ವಾಟ್ಸಾಪಿಗೆ ಹಾಕಿದ, ಎಲ್ಲರೂ ಹತ್ತಕ್ಕೆ ಹತ್ತು. ಮಾರ್ಚ್ 8ಕ್ಕೆ ಹೆಣ್ಣುಮಕ್ಕಳಿಗೆ ಗುಲಾಬಿ, ಒಂದು ಕೇಕು. ಕೇಕ್ ಕತ್ತರಿಸಿದ್ದು ನಾನು.

ಇದಕ್ಕೆ ಹೋಲಿಸಿದರೆ ಬಸ್ಸು ಮಾಡಿದ ಕೆಲಸವೇ ದೊಡ್ಡದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು, ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಅಂತ. ಆಮೇಲೆ ಹರಿಹರ, ಮಲೇಬೆನ್ನೂರು ಕಡೆಯಿಂದ ಅರ್ಜಿಗಳು ಬರೋಕೆ ಶುರುವಾದವು. ಸಂಬಳದಲ್ಲಿ ಓಡಾಟಕ್ಕೇ ಎಷ್ಟು ಹೋಗುತ್ತೆ ಅಂತ ಲೆಕ್ಕ ಹಾಕಿ ಮನೆಯಲ್ಲೇ ಉಳಿದಿದ್ದವರು ಇವರು. ನಮ್ಮ ಯಾವ ಪಾಲಿಸಿಯೂ ಅವರನ್ನ ಬಾಗಿಲ ತನಕ ಕರೆದುಕೊಂಡು ಬಂದಿರಲಿಲ್ಲ. ಖಾಸಗಿ ಬಸ್ಸೇ ಜಾಸ್ತಿ ಓಡುವ ರೂಟಿನವರಿಗೆ ಈ ಅನುಕೂಲವೂ ಅಷ್ಟಕ್ಕಷ್ಟೆ, ಅದು ಬೇರೆ ಮಾತು.

ಬಾಗಿಲ ತನಕ ಬಂದವರಿಗೆ ಮುಂದೆ ಇನ್ನೊಂದು ತೊಡಕು. ಸಂಜೆ ಶಿಫ್ಟ್ ಮುಗಿಯೋದು ಹತ್ತಕ್ಕೆ. ಹೆಣ್ಣುಮಕ್ಕಳಿಗೆ ಕಂಪನಿಯೇ ಕಾರು ಕೊಡುತ್ತದೆ. ಮನೆ ಬಾಗಿಲಿಗೇ ಬಿಡಬೇಕು ಅನ್ನೋದು ನಿಯಮ. ಒಬ್ಬ ಹುಡುಗಿ ದಿನಾ ಡ್ರೈವರ್‌ಗೆ, "ಅಣ್ಣಾ, ಇಲ್ಲೇ ಗುಡಿ ಹತ್ರ ನಿಲ್ಸಿ" ಅನ್ನುತ್ತಿದ್ದಳು. ಅಲ್ಲಿ ಅವಳಪ್ಪ ಟಿವಿಎಸ್ ಗಾಡಿ ಇಟ್ಟುಕೊಂಡು ಕಾಯುತ್ತಿದ್ದರು. ನಿಯಮ ಮುರಿಯುತ್ತಿದ್ದೀಯಾ ಅಂತ ನಾನು ಬೈದೆ. ಆಮೇಲೆ ಗೊತ್ತಾಯಿತು. ರಾತ್ರಿ ಹತ್ತೂವರೆಗೆ ಯಾರದೋ ಕಾರು ಬಂದು ಮಗಳನ್ನ ಇಳಿಸಿ ಹೋಗೋದನ್ನ ಬೀದಿ ನೋಡಬಾರದು, ಅಪ್ಪನ ಗಾಡಿಯಲ್ಲಿ ಬರೋದನ್ನ ನೋಡಬೇಕು. ನಿಯಮ ಬರೆದವರು ಕಳ್ಳಕಾಕರನ್ನ ನೆನೆದು ಬರೆದಿದ್ದರು. ಕಿಟಕಿ ಸಂದಿಯಲ್ಲಿ ನೋಡುವ ಪಕ್ಕದ ಮನೆಯವರನ್ನ ನೆನೆದಿರಲಿಲ್ಲ. ಕಾರಿನ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಬರೆಸಿದೆವು. ಸ್ವಲ್ಪ ಪ್ರಯೋಜನ ಆಯಿತು. ಅವಳು ಮಾತ್ರ ಈಗಲೂ ಗುಡಿ ಹತ್ತಿರವೇ ಇಳಿಯುತ್ತಾಳೆ.

ಇರಲಿ, ಮಂಡಕ್ಕಿಗೆ ವಾಪಸ್ ಬರೋಣ.

ಶಿಫ್ಟ್ ಲೀಡ್ ಹುದ್ದೆಗೆ ಆಗಲೇ ಇಬ್ಬರು ಹುಡುಗರು ಹೆಸರು ಕೊಟ್ಟಿದ್ದರು. ಒಬ್ಬನಿಗೆ ಬಾಯಿಮಾತಲ್ಲಿ "ನಿಂದೇ ಕಣೋ" ಅಂದೂ ಆಗಿತ್ತು. ಅದನ್ನ ನಿಲ್ಲಿಸಿದೆ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದೆ: ಏನು ಕೆಲಸ, ಎಷ್ಟು ಜಾಸ್ತಿ ಸಂಬಳ, ಯಾರು ಬೇಕಾದರೂ ಹೆಸರು ಕೊಡಬಹುದು, ಹೇಗೆ ಆರಿಸುತ್ತೇವೆ. ಅಂಟಿಸೋಕೆ ನೋಟಿಸ್ ಬೋರ್ಡಿಗೆ ಹೋದರೆ ಅಲ್ಲಿ ಇನ್ನೊಂದು ಕಾದಿತ್ತು.

ಬೋರ್ಡಿನ ಮೂಲೆಯಲ್ಲಿ ಬಿಸಿಲಿಗೆ ಹಳದಿಯಾದ ಒಂದು ಹಾಳೆ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಹೆಸರುಗಳು. ರಾಜಸ್ಥಾನದ ಭಂವರಿ ದೇವಿ ಅನ್ನೋ ಹೆಣ್ಣುಮಗಳಿಗೆ ಆದ ಅನ್ಯಾಯದಿಂದ ಹೊರಟ ಮಾತು 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪಾಗಿ, 2013ರಲ್ಲಿ ಕಾನೂನಾಯಿತು. ಹತ್ತು ಜನ ಕೆಲಸ ಮಾಡುವ ಕಡೆಯೂ ಈ ಸಮಿತಿ ಬೇಕು. ಅಧ್ಯಕ್ಷತೆ ಹಿರಿಯ ಹೆಣ್ಣುಮಗಳದ್ದೇ, ಅರ್ಧಕ್ಕೆ ಕಮ್ಮಿ ಇಲ್ಲದಂತೆ ಹೆಣ್ಣುಮಕ್ಕಳು, ಹೊರಗಿನವರೊಬ್ಬರು, 90 ದಿನದಲ್ಲಿ ವಿಚಾರಣೆ. ನಮ್ಮ ಹಾಳೆಯಲ್ಲಿದ್ದ ಅಧ್ಯಕ್ಷೆ ಮದುವೆಯಾಗಿ ಶಿವಮೊಗ್ಗಕ್ಕೆ ಹೋಗಿ ಎರಡು ವರ್ಷವಾಗಿತ್ತು. ಹೊರಗಿನ ಸದಸ್ಯರ ಫೋನ್ ನಂಬರಿನ ಕೊನೆಯ ಎರಡು ಅಂಕಿ ಹರಿದು ಹೋಗಿತ್ತು. ನಮ್ಮಲ್ಲಿ ಒಂದೂ ದೂರು ಬಂದಿಲ್ಲ ಅಂತ ನಾನು ಮುಖ್ಯ ಕಚೇರಿಗೆ ಹೆಮ್ಮೆಯಿಂದ ಬರೆದಿದ್ದೆ. ಯಾರಿಗೆ ಕೊಡಬೇಕಿತ್ತು ದೂರನ್ನ? ಎಂಟು ಅಂಕಿಯ ನಂಬರಿಗಾ?

ಸಮಿತಿ ಮತ್ತೆ ಮಾಡಿದೆವು. ಅದು ಬೇಗ ಆಗುವ ಕೆಲಸವೇ. ಒಂದು ವಾರವೂ ಬೇಕಾಗಲಿಲ್ಲ. ಹಾಗಿದ್ದೂ ಎರಡು ವರ್ಷ ಆಗಿರಲಿಲ್ಲ.

ಹುದ್ದೆಗೆ ಈ ಸಲ ಆರು ಹೆಸರು ಬಂದವು. ಮೂವರು ಹೆಣ್ಣುಮಕ್ಕಳು. ಇನ್ನೊಂದು ಹೆಸರು ನೋಡಿ ನನಗೆ ಆಶ್ಚರ್ಯ. ಪೋಲಿಯೊದಿಂದ ಒಂದು ಕಾಲಿಗೆ ಬಲ ಇಲ್ಲದ ಹುಡುಗ. ಬಹಳ ಸಂಕೋಚದವನು, ಯಾರ ಜೊತೆಗೂ ಸೇರಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಮಂಡಕ್ಕಿಗೆ ಕರೆದರೆ "ಹೊಟ್ಟೆ ಸರಿ ಇಲ್ಲ" ಅನ್ನುತ್ತಿದ್ದ. ಕೂರಿಸಿಕೊಂಡು ಕೇಳಿದರೆ, ಹೊಟ್ಟೆ ಚೆನ್ನಾಗೇ ಇದೆ. ಎರಡು ಮಹಡಿ ಇಳಿದು, ಪಿ.ಬಿ. ರಸ್ತೆ ದಾಟಿ, ಮತ್ತೆ ದಾಟಿ, ಮತ್ತೆ ಹತ್ತಬೇಕು. ಲಿಫ್ಟು ಕೆಟ್ಟು ಎರಡು ತಿಂಗಳಾಗಿತ್ತು. ಅಷ್ಟೂ ದಿನ ಅವನು ಅರ್ಧ ಗಂಟೆ ಮುಂಚೆ ಬಂದು, ಯಾರೂ ನೋಡದ ಹೊತ್ತಲ್ಲಿ ಮೆಟ್ಟಿಲು ಹತ್ತುತ್ತಿದ್ದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ, ಖಾಸಗಿ ಕಚೇರಿಗಳೂ ಸಮಾನ ಅವಕಾಶದ ನೀತಿ ಬರೆದಿಡಬೇಕು ಅಂದಿದೆ. ನಮ್ಮದೂ ಬರೆದಿಟ್ಟಿದೆ. ಲಿಫ್ಟಿನವನಿಗೆ ಫೋನ್ ಮಾಡುವವರು ಯಾರು ಅನ್ನೋದು ಮಾತ್ರ ಅದರಲ್ಲಿಲ್ಲ.

ಕೊನೆಗೆ ಆಯ್ಕೆ ಆಗಿದ್ದು ಹರಿಹರದ ಆ ಹೆಣ್ಣುಮಗಳು. ಅಂಕ ನೋಡಿದರೆ ಅವರದ್ದೇ ಜಾಸ್ತಿ, ಮೂವರು ಬೇರೆಬೇರೆ ಕೂತು ಹಾಕಿದ ಅಂಕ. ಆ ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. "ನಿಂದೇ ಕಣೋ" ಅಂತ ನಾನು ಹೇಳಿದ್ದ ಹುಡುಗ ಬಂದಿರಲಿಲ್ಲ. ಹಳೇ ಗೆಳೆಯನೊಬ್ಬ ಕೈಗೆ ಅಂಟಿದ ಖಾರ ಒರೆಸಿಕೊಳ್ಳುತ್ತಾ, "ದೊಡ್ಡ ಮನುಷ್ಯ ಆಗ್ಬಿಟ್ಟೆ ಬಿಡಪ್ಪಾ" ಅಂದ. ಅವನ ಮಾತಲ್ಲಿ ನ್ಯಾಯವೂ ಇತ್ತು. ಆ ಹುಡುಗನಿಗೆ ಮಾತು ಕೊಟ್ಟಿದ್ದು ನಾನು, ತಪ್ಪಿದ್ದೂ ನಾನು. ನನ್ನ ಹತ್ತು ವರ್ಷದ ತಪ್ಪನ್ನ ತಿದ್ದಿಕೊಳ್ಳೋಕೆ ಹೋಗಿ ಅದರ ಬಿಲ್ಲನ್ನ ಇಪ್ಪತ್ತಾರು ವರ್ಷದವನ ಕೈಗೆ ಕೊಟ್ಟಿದ್ದೆ. ಲೀಡರ್‌ಶಿಪ್ ಬಗ್ಗೆ ಭಾಷಣ ಮಾಡುವವರು ಈ ಭಾಗವನ್ನ ಹೇಳಲ್ಲ. ಅವನ ಹತ್ತಿರ ಕ್ಷಮೆ ಕೇಳಿದೆ. "ಇರ್ಲಿ ಬಿಡಿ ಸರ್" ಅಂದ. ಇರ್ಲಿ ಬಿಡಿ ಅನ್ನೋದಕ್ಕೆ ನಮ್ಮಲ್ಲಿ ಎಷ್ಟು ಅರ್ಥ ಇದೆ ಅಂತ ನಿಮಗೇ ಗೊತ್ತು.

ಆಮೇಲೆ ಒಂದು ಪದ್ಧತಿ ಮಾಡಿದೆ. ಬುಧವಾರ ಮಧ್ಯಾಹ್ನ ಮೂರೂವರೆಗೆ, ಎರಡೂ ಶಿಫ್ಟಿನವರು ಇರುವ ಹೊತ್ತಲ್ಲಿ, ಅರ್ಧ ಗಂಟೆ ಎಲ್ಲರೂ ಕೂರೋದು. ಹರಿಹರದ ಬಸ್ಸಿಗೆ ತಡ ಆಗಬಾರದು. ಬಿಳಿ ಬೋರ್ಡಿನ ಮೇಲೆ ಬರೆಯದ ಯಾವ ನಿರ್ಧಾರವೂ ನಿರ್ಧಾರ ಅಲ್ಲ. ಮೊದಲ ಎರಡು ವಾರ ಮಾತಾಡಿದ್ದು ನಾನೊಬ್ಬನೇ. ಉಳಿದವರು ಬೋರ್ಡು ನೋಡುತ್ತಾ ಕೂತಿದ್ದರು.

ಇಲ್ಲಿ ಇನ್ನೊಬ್ಬ ಹುಡುಗಿಯ ವಿಷಯ ಹೇಳಬೇಕು. ಅವಳ ಮನೆ ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ. ಭಟ್ಟಿ ಒಳಗೆ ಒಂದು ಸಲ ಹೋದವರಿಗೆ ಗೊತ್ತು, ಕಾದ ಮರಳಿಗೆ ಅಕ್ಕಿ ಬಿದ್ದು ಚಟಪಟ ಅಂತ ಅರಳೋದು ನೋಡೋಕೆ ಚೆಂದ, ಅದರ ಮುಂದೆ ನಿಲ್ಲೋದು ಚೆಂದ ಅಲ್ಲ. ಬೆಳಗಿನ ಜಾವವೇ ಒಲೆ ಹತ್ತುತ್ತದೆ, ಮನೆಮಂದಿಯೆಲ್ಲ ಕೆಲಸ, ಗೋಡೆಯೆಲ್ಲ ಹೊಗೆ. ಅವಳಪ್ಪ ಅದರ ಮುಂದೆ ನಿಂತು ಮಗಳನ್ನ ಬಿಕಾಂ ಓದಿಸಿದ್ದಾರೆ. ನಾವು ಗಂಡಸರು ದಿನಾ ಸಂಜೆ ತಿನ್ನುತ್ತಾ ನಿಲ್ಲುವ ಮಂಡಕ್ಕಿ ಅವಳ ಬೀದಿಯಿಂದಲೇ ಬಂದಿರಬಹುದು. ನಮ್ಮ ಮಾತು ಮಾತ್ರ ಅವಳ ತನಕ ಹೋಗುತ್ತಿರಲಿಲ್ಲ.

ಮನೆಯಲ್ಲಿ ಉರ್ದು, ಓದಿದ್ದು ಕನ್ನಡ ಮಾಧ್ಯಮ, ಕೆಲಸ ಇಂಗ್ಲಿಷಲ್ಲಿ. ಬೆಂಗಳೂರಿನವರ ಜೊತೆ ಕಾಲ್ ಇದ್ದಾಗ ಅವಳು ಮೈಕ್ ತೆಗೆಯುತ್ತಲೇ ಇರಲಿಲ್ಲ. ಕಾನ್ಫಿಡೆನ್ಸ್ ಕಮ್ಮಿ ಅಂತ ನಾನು ಎರಡು ವರ್ಷ ಅಪ್ರೈಸಲ್ಲಲ್ಲಿ ಬರೆದಿದ್ದೆ.

ಒಂದು ವಿಮೆ ಕಂಪನಿ ನಮ್ಮ ಬಿಲ್ಲುಗಳನ್ನ ಒಂದೇ ಸಮನೆ ವಾಪಸ್ ಕಳಿಸುತ್ತಿತ್ತು. ಡಿನಯಲ್ ಅಂತೀವಿ. ಕಾಲ್‌ನಲ್ಲಿ ಎಲ್ಲರೂ ಮುಕ್ಕಾಲು ಗಂಟೆ ಇಂಗ್ಲಿಷಲ್ಲಿ ಕೂಗಾಡಿದರು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಬುಧವಾರದ ಕೂಟ ಮುಗಿದಮೇಲೆ ಅವಳು ಒಂದು ನೋಟ್‌ಬುಕ್ ಹಾಳೆ ನನ್ನ ಮೇಜಿನ ಮೇಲಿಟ್ಟು ಹೋದಳು. ನೀಲಿ ಪೆನ್ನಿನಲ್ಲಿ, ಅರ್ಧ ಕನ್ನಡ ಅರ್ಧ ಇಂಗ್ಲಿಷ್. ಒಂದೇ ದಿನ ಡಾಕ್ಟರು ರೋಗಿಯನ್ನ ಪರೀಕ್ಷೆಯನ್ನೂ ಮಾಡಿ, ಸಣ್ಣ ಚಿಕಿತ್ಸೆಯನ್ನೂ ಮಾಡಿದಾಗ ಪರೀಕ್ಷೆಯ ಕೋಡಿಗೆ ಮಾಡಿಫೈಯರ್ 25 ಅನ್ನೋ ಗುರುತು ಸೇರಿಸಬೇಕು, ಇಲ್ಲದಿದ್ದರೆ ಎರಡಕ್ಕೂ ಸೇರಿ ಒಂದೇ ದುಡ್ಡು ಅಂತ ವಿಮೆಯವರು ಲೆಕ್ಕ ಹಾಕುತ್ತಾರೆ. ವಾಪಸ್ ಬಂದ ಬಿಲ್ಲುಗಳಲ್ಲಿ ಅದು ಬಿಟ್ಟುಹೋಗಿತ್ತು. ಒಂದೊಂದೇ ಬಿಲ್ಲಿನ ನಂಬರ್ ಹಾಕಿ ಗೆರೆ ಎಳೆದಿದ್ದಳು.

ಕರೆದು, "ಕಾಲ್‌ನಲ್ಲೇ ಹೇಳಬೋದಿತ್ತಲ್ಲಮ್ಮಾ" ಅಂದೆ. ಮುಂದಿನ ಸಲ ನೀನೇ ಮಾತಾಡು, ನಾನು ಇರ್ತೀನಿ, ಧೈರ್ಯ ತಗೋ, ಹೀಗೇ ಏನೇನೋ ಹುರಿದುಂಬಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಸರ್, ನನ್ನ ಮಾತಾಡ್ಸೋಕೆ ಹೋಗ್ಬೇಡಿ. ನಾನು ಬರೆದಿದ್ದನ್ನ ಓದಿ, ಸಾಕು."

ನಾನು ಸುಮ್ಮನಾದೆ. ಎಲ್ಲರನ್ನೂ ಸೇರಿಸಿಕೊಳ್ಳೋದು ಅಂದರೆ ಎಲ್ಲರ ಕೈಗೂ ಮೈಕ್ ಕೊಡೋದು ಅಂತ ತಿಳಿದಿದ್ದೆ. ಅವಳಿಗೆ ಮೈಕ್ ಬೇಡ, ಓದುಗ ಬೇಕು. ಈಗ ಕಾಲ್‌ಗೆ ಒಂದು ದಿನ ಮುಂಚೆ ಎಲ್ಲರೂ ಬರೆದು ಕೊಡುತ್ತಾರೆ, ಯಾವ ಭಾಷೆಯಲ್ಲಾದರೂ ಸರಿ. ಅದನ್ನ ಓದದೆ ಕಾಲ್ ಶುರು ಮಾಡಲ್ಲ. ಬೆಂಗಳೂರಿನವರಿಗೆ ಇದು ಸ್ವಲ್ಪ ಕಿರಿಕಿರಿ. ಕನ್ನಡದಲ್ಲಿ ಬಂದದ್ದನ್ನ ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ, ಗುರುವಾರ ರಾತ್ರಿ ಊಟ ತಡ ಆಗುತ್ತದೆ.

ಹರಿಹರದವರು ಲೀಡ್ ಆಗಿ ವರ್ಷ ದಾಟಿತು. ಎಲ್ಲಾ ಚೆನ್ನಾಗಿ ನಡೆದಿದೆ ಅಂತ ಬರೆದರೆ ನಮ್ಮ ಆಫೀಸಿನವರೇ ನಗುತ್ತಾರೆ. ಮೊದಲ ತಿಂಗಳು ಇಬ್ಬರು ಹುಡುಗರು ಅವರು ಹೇಳಿದ್ದನ್ನ ನನ್ನ ಹತ್ತಿರ ಬಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು. "ಮೇಡಂ ಹೀಗಂದ್ರು, ಹೌದಾ ಸರ್?" ನಾನು ಪಾಪ ಅಂತ ಉತ್ತರ ಕೊಡುತ್ತಿದ್ದೆ. ಒಂದು ದಿನ ಅವರೇ ಬಂದು, "ನೀವು ಉತ್ತರ ಕೊಡೋ ತನಕ ಅವ್ರು ನಿಮ್ಮನ್ನೇ ಕೇಳ್ತಾರೆ ಸರ್" ಅಂದರು. ಅವತ್ತಿಂದ "ಮೇಡಂನ ಕೇಳಿ" ಅನ್ನೋದನ್ನ ಕಲಿತೆ. ಅವರು ಸಿಡುಕು. ರಜೆ ವಿಷಯದಲ್ಲಿ ನನಗಿಂತ ಬಿಗಿ. ಹೆಣ್ಣುಮಕ್ಕಳಿಗೇ ಜಾಸ್ತಿ ಬಿಗಿ ಅಂತ ಒಬ್ಬರು ಬಂದು ದೂರಿದರು. ಹೆಂಗಸು ಲೀಡ್ ಆದ ತಕ್ಷಣ ಎಲ್ಲರಿಗೂ ಅಕ್ಕ ಆಗಿಬಿಡಬೇಕು ಅನ್ನೋ ನಿರೀಕ್ಷೆ ನನ್ನಲ್ಲೂ ಇತ್ತು ಅಂತ ಆಗ ಗೊತ್ತಾಯಿತು. ಗಂಡಸು ಲೀಡ್ ಸಿಡುಕಿದಾಗ ಯಾರೂ ಬಂದು ಹೇಳಿರಲಿಲ್ಲ.

ಹೋದ ತಿಂಗಳು ಅವರು ಒಂದು ಬಯೋಡೇಟಾ ತಂದುಕೊಟ್ಟರು. "ನಮ್ಮ ಚಿಕ್ಕಪ್ಪನ ಮಗಳು ಸರ್. ತುಂಬಾ ಚುರುಕು. ಸ್ವಲ್ಪ ನೋಡಿ."

ಅಪ್ಪನಿಗೆ ಹೇಳಿದೆ. ಕಿವಿ ಕೇಳಿಸಲಿಲ್ಲ ಅಂತ ಎರಡು ಸಲ ಹೇಳಿಸಿಕೊಂಡರು. ಆಮೇಲೆ ನಗೋಕೆ ಶುರು ಮಾಡಿದವರು ಕೆಮ್ಮು ಬರುವ ತನಕ ನಕ್ಕರು.

ಬಯೋಡೇಟಾವನ್ನ ಉಳಿದ ಅರ್ಜಿಗಳ ಜೊತೆಗೇ ಇಟ್ಟಿದ್ದೇನೆ. ಈಗ ಇಂಟರ್‌ವ್ಯೂನಲ್ಲಿ ಎಲ್ಲರಿಗೂ ಒಂದೇ ಐದು ಪ್ರಶ್ನೆ, ಅಚ್ಚು ಹಾಕಿಸಿದ ಹಾಳೆ. ಊರು, ಅಪ್ಪ, ದೇವರು ಯಾವುದೂ ಅದರಲ್ಲಿಲ್ಲ. ನನ್ನ ಪಕ್ಕ ಕೂರುವವರು ಈಚೆಗೆ "ಹಬ್ಬಕ್ಕೆ ಎಲ್ಲಿಗೆ ಹೋಗ್ತೀರಿ?" ಅಂತ ಕೇಳೋಕೆ ಶುರು ಮಾಡಿದ್ದಾರೆ. ಕಾಲು ತುಳಿಯುತ್ತೇನೆ.

ಮೊನ್ನೆ ಬುಧವಾರ ನನಗೆ ಬ್ಯಾಂಕಿನ ಕೆಲಸ ಇತ್ತು. ಕೂಟಕ್ಕೆ ಬರಲ್ಲ, ನೀವೇ ನಡೆಸಿ ಅಂದಿದ್ದೆ. ಕೆಲಸ ಬೇಗ ಮುಗಿಯಿತು, ಮೂರೂ ಮುಕ್ಕಾಲಿಗೇ ವಾಪಸ್ ಬಂದೆ. ಲಿಫ್ಟು ಸರಿ ಇತ್ತು. ಬಾಗಿಲು ತೆಗೆದರೆ ಈರುಳ್ಳಿ ವಾಸನೆ. ಮೀಟಿಂಗ್ ಮೇಜಿನ ಮೇಲೆ ಪೇಪರ್ ಹಾಸಿ ಮಂಡಕ್ಕಿ ಸುರಿದಿದ್ದಾರೆ, ನಡುವೆ ಮಿರ್ಚಿಯ ರಾಶಿ. ಸುತ್ತ ಹತ್ತು ಹನ್ನೆರಡು ಜನ. ಹರಿಹರದವರು ಬೋರ್ಡಿನ ಮುಂದೆ ನಿಂತಿದ್ದಾರೆ, ಭಟ್ಟಿ ಬೀದಿಯ ಹುಡುಗಿ ಏನೋ ಹೇಳುತ್ತಿದ್ದಾಳೆ, ಕನ್ನಡದಲ್ಲಿ, ಜೋರಾಗಿ, ಕೈ ಆಡಿಸುತ್ತಾ. "ನಿಂದೇ ಕಣೋ" ಹುಡುಗ ಮೇಜಿನ ತುದಿಯಲ್ಲಿ ಕೂತು ನಗುತ್ತಿದ್ದಾನೆ.

ನನ್ನ ನೋಡಿದ ಕೂಡಲೇ ಎಲ್ಲರೂ ಸುಮ್ಮನಾದರು.

"ಬನ್ನಿ ಸರ್, ತಗೊಳ್ಳಿ" ಅಂತ ಯಾರೋ ಅಂದರು. ಅವಳು ಕೈ ಇಳಿಸಿ ಕೂತಿದ್ದಳು. ಬೋರ್ಡಿನ ಮೇಲೆ ಅರ್ಧ ಬರೆದ ಒಂದು ವಾಕ್ಯ. ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು, ಒಂದು ಕಾಲ್ ಇದೆ ಅಂತ ಸುಳ್ಳು ಹೇಳಿ, ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಗಾಜಿನ ಕೋಣೆಗೆ ಬಂದು ಕೂತೆ. ಖಾರ ಸ್ವಲ್ಪ ಜಾಸ್ತಿಯೇ ಇತ್ತು. ಎರಡು ನಿಮಿಷಕ್ಕೆ ಆ ಕಡೆಯಿಂದ ಮತ್ತೆ ಮಾತು ಶುರುವಾಯಿತು. ಏನು ಅಂತ ಇಲ್ಲಿಗೆ ಕೇಳಿಸುತ್ತಿರಲಿಲ್ಲ.